ಅವ್ವನ ಬೆರಳು ಮತ್ತು ನಾವು ಕೇಳಿದ ಪ್ರಶ್ನೆ

ಅವ್ವನ ಎಡಗಾಲಿನ ಹೆಬ್ಬೆರಳು ಕಪ್ಪಾಗಿದ್ದನ್ನು ಮೊದಲು ನೋಡಿದವಳು ನಾನು. ಸೊರಬದ ಕಡೆ ಇರುವ ತವರೂರಿಗೆ ನಾಲ್ಕು ದಿನ ಇದ್ದು ಬರೋಣವೆಂದು ಹೋಗಿದ್ದೆ. ಅವ್ವ ಜಗುಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಬೆರಳಿಗೆ ಹಳೇ ಸೀರೆಯ ಚೂರು ಸುತ್ತಿಕೊಂಡಿದ್ದಳು. ಏನಾಗೈತವ್ವ ಅಂದರೆ, "ಏನಿಲ್ಲ ಬಿಡು, ಚಪ್ಪಲಿ ಕಡಿದೈತೆ" ಅಂದಳು. ಚಪ್ಪಲಿ ಕಡಿದದ್ದಕ್ಕೆ ಆ ವಾಸನೆ ಎಲ್ಲಿಂದ ಬರಬೇಕು? ಬಿಚ್ಚು ಅಂದೆ, ಬಿಚ್ಚಲಿಲ್ಲ. ನಾನೇ ಕಾಲು ಹಿಡಿದುಕೊಂಡು ಬಟ್ಟೆ ಬಿಚ್ಚಿದೆ. ಬೆರಳಿನ ತುದಿ ಸುಟ್ಟ ಬದನೆಕಾಯಿಯ ಹಾಗಾಗಿತ್ತು. ಒತ್ತಿ ನೋಡಿದೆ. ಅವ್ವ ಅವರೆಕಾಯಿ ಬಿಡಿಸುತ್ತಲೇ ಇದ್ದಳು. ನೋವಿನ ಸುಳಿವೇ ಅವಳಿಗಿರಲಿಲ್ಲ.

ಸಕ್ಕರೆ ಕಾಯಿಲೆ ಅವ್ವನಿಗೆ ಬಹಳ ವರ್ಷದಿಂದ ಇದೆ. ಮಾತ್ರೆ ನುಂಗುತ್ತಾಳೆ, ಜೊತೆಗೆ ಹೋಳಿಗೆಯನ್ನೂ ತಿನ್ನುತ್ತಾಳೆ. ಅಂಗಾಲು ಮರಗಟ್ಟಿದೆ ಅಂತ ಹೇಳುತ್ತಿದ್ದಳು, ನಾವು ವಯಸ್ಸಾಯಿತು ಅಂದುಕೊಂಡಿದ್ದೆವು. ಚಪ್ಪಲಿಯೊಳಗೆ ಸೇರಿಕೊಂಡ ಒಂದು ಹರಳು ಇಡೀ ದಿನ ಬೆರಳು ಕೊರೆದರೂ ಅವಳಿಗೆ ತಿಳಿದಿರಲಿಲ್ಲ. ಗಾಯ ಆದಮೇಲೆ ಯಾರಿಗೂ ಹೇಳದೆ ಅರಿಶಿನ ಮೆತ್ತಿಕೊಂಡು ಓಡಾಡಿದ್ದಳು.

ನಾನು ಮದುವೆಯಾಗಿ ಬಂದದ್ದು ಶಿಕಾರಿಪುರಕ್ಕೆ. ಮಾರ್ಕೆಟ್ ಯಾರ್ಡಿನ ಹತ್ತಿರ ನಮ್ಮದು ಹಿಂಡಿ ಬೂಸದ ಅಂಗಡಿ. ನಮ್ಮನೆಯವರಿಗಿಂತ ಹೆಚ್ಚು ಹೊತ್ತು ಗಲ್ಲಾದ ಮೇಲೆ ಕೂರುವವಳು ನಾನೇ. ಲಾರಿಯವರ ಜೊತೆ, ಹಮಾಲರ ಜೊತೆ ಕೂಗಿ ಕೂಗಿ ನನ್ನ ದನಿ ದೊಡ್ಡದು. ಸಿಟ್ಟೂ ಅಷ್ಟೇ ಬೇಗ ಬರುತ್ತದೆ. ಅಣ್ಣ ನನಗಿಂತ ಪೂರಾ ಬೇರೆ. ಊರಲ್ಲೇ ಗದ್ದೆ ನೋಡಿಕೊಂಡು ಅವ್ವನನ್ನು ಅಂಗೈಯಲ್ಲಿಟ್ಟು ಸಾಕುವವನು. ಮಾತು ಕಡಿಮೆ. ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುವಷ್ಟರಲ್ಲಿ ನಾನು ಇನ್ನೆರಡು ಕೇಳಿರುತ್ತೇನೆ.

ಮಾರನೇ ದಿನವೇ ಅವ್ವನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಸಮಾಧಾನದ ಮನುಷ್ಯ. ಬೆರಳನ್ನು ನೋಡಿ ನಮ್ಮ ಮೂವರಿಗೂ ಕೇಳುವ ಹಾಗೆ ಹೇಳಿದರು. "ಈ ಬೆರಳು ಸತ್ತಿದೆ ಕಣಮ್ಮ. ಇದನ್ನ ಈಗ ತೆಗೆದುಬಿಟ್ರೆ ಕಾಲು ಉಳಿಯುತ್ತೆ. ನೋಡೋಣ ಅಂತ ಕಾಯ್ತಾ ಕೂತ್ರೆ ಮೇಲಕ್ಕೆ ಏರುತ್ತೆ. ಏರಿದ ಮೇಲೆ ಎಲ್ಲಿವರೆಗೆ ತೆಗೀಬೇಕಾಗುತ್ತೋ ನಾನು ಈಗಲೇ ಹೇಳೋಕಾಗಲ್ಲ." ಅವತ್ತೇ ಸೇರಿಸಿಬಿಡೋಣ ಅಂದೆ ನಾನು. ಅಣ್ಣ, "ಮನೇಲಿ ಒಂದು ಮಾತು ಕೇಳಿ ಬರ್ತೀವಿ ಸರ್" ಅಂದ. ಬೇಗ ಬನ್ನಿ ಎಂದು ಡಾಕ್ಟರು ಮತ್ತೆ ಮತ್ತೆ ಹೇಳಿದರು.

ಮನೆಗೆ ಬಂದಾಗ ಪಡಸಾಲೆಯಲ್ಲಿ ಜನ ಸೇರಿದ್ದರು. ಏನಂದ್ರು ಅಂತ ಎಲ್ಲರೂ ಅಣ್ಣನನ್ನು ಕೇಳಿದರು. ಅಣ್ಣ ಚೀಲ ಕೆಳಗಿಟ್ಟು, "ಬೆರಳು ತೆಗೀಬೇಕಂತೆ" ಅಂದ. ಅಷ್ಟೇ. ಕಾಲು ಉಳಿಯುತ್ತೆ ಅನ್ನುವ ಅರ್ಧ ಮಾತು ಶಿವಮೊಗ್ಗದಿಂದ ನಮ್ಮೂರಿಗೆ ಬರಲೇ ಇಲ್ಲ. ನಾನು ಬಾಯಿ ಹಾಕಿ ಪೂರ್ತಿ ಮಾಡಿದೆ. ಆದರೆ ಮೊದಲು ಕೇಳಿದ ಮಾತು ಅಷ್ಟರಲ್ಲಿ ಎಲ್ಲರ ಮನಸ್ಸಲ್ಲೂ ಕೂತುಬಿಟ್ಟಿತ್ತು. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದರು.

ಉಡುತಡಿಯಿಂದ ನಮ್ಮ ಸೋದರತ್ತೆ ಬಂದಿದ್ದಳು. ಅಪ್ಪನ ಅಕ್ಕ, ಅಪ್ಪ ಹೋದಮೇಲೆ ಮನೆಗೆ ಹಿರಿಯಳು. ಅವಳ ಮೈದುನನಿಗೂ ಹೀಗೇ ಆಗಿತ್ತಂತೆ. "ಮೊದ್ಲು ಬೆರಳು ಅಂದ್ರು. ಆಮ್ಯಾಲೆ ಪಾದ ಅಂದ್ರು. ಆಮ್ಯಾಲೆ ಮೊಣಕಾಲು ಅಂದ್ರು. ಆಮ್ಯಾಲೆ ಹೆಣ ತಗಂಡು ಹೋಗ್ರಿ ಅಂದ್ರು. ಒಂದ್ಸಲ ಕತ್ತಿ ಮುಟ್ತು ಅಂದ್ರೆ ಮುಗೀತವ್ವ, ಅದು ನಿಲ್ಲಾದಿಲ್ಲ." ಹೇಳುತ್ತಾ ಹೇಳುತ್ತಾ ಅತ್ತೆ ತನ್ನ ಕಾಲಿನ ಮೇಲೆಯೇ ಕೈಯಿಂದ ಗೆರೆ ಎಳೆದು ಎಳೆದು ತೋರಿಸಿದಳು. ಪಡಸಾಲೆಯಲ್ಲಿದ್ದವರ ಕಣ್ಣೆಲ್ಲ ಆ ಕೈಯ ಜೊತೆ ಮೇಲಕ್ಕೆ ಹೋಯಿತು.

"ಅತ್ತೆ, ಅವರು ಎಷ್ಟು ದಿನ ಬಿಟ್ಟು ಆಸ್ಪತ್ರಿಗೆ ಹೋಗಿದ್ರು?" ಅಂತ ಕೇಳಿದೆ.

"ಮಳೆಗಾಲ ಕಳೀಲಿ ಅಂತ ಇದ್ರು ಪಾಪ. ನಾಟಿ ಕೆಲ್ಸ ಇತ್ತಲ್ಲ."

"ಮತ್ತೆ ಅದನ್ನ ಹೇಳು. ಕತ್ತಿ ಮುಟ್ಟಿದ್ದಕ್ಕಲ್ಲ ಜೀವ ಹೋಗಿದ್ದು, ತಡವಾಗಿ ಮುಟ್ಟಿದ್ದಕ್ಕೆ."

ಅತ್ತೆಯ ಮುಖ ಕೆಂಪಾಯಿತು. ಅಂಗಡಿ ಮೇಲೆ ಕೂತು ಎಲ್ಲ ಕಲಿತುಬಿಟ್ಟಿದ್ದಾಳೆ ಇವಳು ಅಂತ ಗೊಣಗಿದಳು. ನಾನು ಹೇಳಿದ್ದರಲ್ಲಿ ತಪ್ಪೇನಿತ್ತು, ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಸತ್ತ ಮೈದುನ ಎಲ್ಲರ ಕಣ್ಣೆದುರಿಗಿದ್ದ, ನನ್ನ ಹತ್ತಿರ ಇದ್ದದ್ದು ಬರೀ ಲೆಕ್ಕಾಚಾರದ ಮಾತು. ಯಾರೂ ನನ್ನ ಕಡೆ ನೋಡಲಿಲ್ಲ. ಕೊನೆಗೆ ಅವ್ವನನ್ನೇ ಕೇಳಿದೆ. ಅವಳು ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಗೋಡೆಗೆ ಒರಗಿದ್ದಳು. "ನೀವೆಲ್ಲ ಹೆಂಗಂತೀರೋ ಹಂಗೆ" ಅಂದಳು. ಆ ಮಾತನ್ನು ಅವಳು ಮದುವೆ ಸೀರೆ ಆರಿಸುವಾಗಲೂ ಹೇಳುತ್ತಿದ್ದಳು, ಗದ್ದೆಗೆ ಯಾವ ಭತ್ತ ಹಾಕೋಣ ಅಂತ ಕೇಳಿದಾಗಲೂ ಹೇಳುತ್ತಿದ್ದಳು. ನನಗೆ ಮೈ ಉರಿದು ಹೋಯಿತು.

ಅಮ್ಮನವರ ಗುಡಿಯಲ್ಲಿ ಪ್ರಸಾದ ಕೇಳೋಣ ಅಂದದ್ದು ಅಣ್ಣ.

ನಮ್ಮ ಕಡೆ ದೊಡ್ಡ ತೀರ್ಮಾನವಿದ್ದರೆ ಅಮ್ಮನವರ ಪ್ರಸಾದ ಕೇಳುವುದು ವಾಡಿಕೆ. ಪೂಜಾರಿ ಹೂವಿನ ಎಸಳುಗಳನ್ನು ನೀರಲ್ಲಿ ಅದ್ದಿ ದೇವಿಯ ಎರಡೂ ಕಡೆ ಅಂಟಿಸುತ್ತಾರೆ. ಮನೆಯ ಯಜಮಾನ ಎದುರಿಗೆ ನಿಂತು ಕೇಳಬೇಕಾದ್ದನ್ನು ಎಲ್ಲರಿಗೂ ಕೇಳುವಂತೆ ಬಾಯಿಬಿಟ್ಟು ಕೇಳಬೇಕು. ಬಲಗಡೆಯ ಎಸಳು ಮೊದಲು ಬಿದ್ದರೆ ದೇವಿಯ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ ಅಂತ. ಹೂವು ಜಾರುವವರೆಗೆ ಕಾಯಬೇಕು. ಕೇಳಿದ್ದನ್ನೇ ಎರಡನೇ ಸಲ ಕೇಳುವ ಹಾಗಿಲ್ಲ, ಅದು ದೇವಿಯ ಮಾತನ್ನು ನಂಬದ ಹಾಗೆ. ನಾನು ದೇವರನ್ನು ನಂಬದವಳೇನಲ್ಲ. ನನ್ನ ಮದುವೆಗೂ ಅಲ್ಲೇ ಕೇಳಿದ್ದರು, ಬಲಗಡೆಯೇ ಬಿದ್ದಿತ್ತು. ಆದರೆ ಡಾಕ್ಟರು ಹೇಳಿದ್ದನ್ನು ಹೂವಿನ ಹತ್ತಿರ ಯಾಕೆ ಕೇಳಬೇಕು ಅಂತ ಗುಡಿಯ ಮುಂದೆಯೇ ಅಣ್ಣನ ಜೊತೆ ಜಗಳಕ್ಕೆ ನಿಂತೆ. "ನಿನಗೆ ಧೈರ್ಯ ಇಲ್ಲ, ಅದಕ್ಕೆ ಅಮ್ಮನ ಮ್ಯಾಲೆ ಹಾಕ್ತಿದಿಯ" ಅಂದೆ. ಊರವರು ನಿಂತು ನೋಡುತ್ತಿದ್ದರು. ಅಣ್ಣ ನೆಲ ನೋಡುತ್ತಾ ನಿಂತಿದ್ದ. ಅವ್ವ ಆಟೋದಿಂದ ಇಳಿದು, ಅತ್ತಿಗೆಯ ಹೆಗಲು ಹಿಡಿದು, ಕುಂಟುತ್ತಾ ಒಳಗೆ ಹೋದಳು.

ಅಣ್ಣ ಕೈ ಮುಗಿದು ಕೇಳಿದ. "ತಾಯಿ, ಅವ್ವನ ಬೆರಳು ತೆಗ್ಸಾದು ಸರಿ ಅಂದ್ರೆ ಬಲಗಡೆ ಕೊಡು."

ನಿಂತೆವು. ಹೂವು ಜಾರಲಿಲ್ಲ. ದೀಪಕ್ಕೆ ಎಣ್ಣೆ ಹಾಕಿ ಮತ್ತೆ ನಿಂತೆವು. ಬಲಗಡೆಯ ಎಸಳಿನ ತುದಿ ಸ್ವಲ್ಪ ಬಾಗಿದ ಹಾಗೆ ನನಗೆ ಕಂಡಿತು. ಎಡಗಡೆಯದು ಬಾಗಿತು ಅಂತ ಸೋದರತ್ತೆ ಪಿಸುಗುಟ್ಟಿದಳು. ಒಂದೇ ಕಲ್ಲು, ಒಂದೇ ಹೂವು, ನೋಡುವ ಕಣ್ಣು ಮಾತ್ರ ಬೇರೆ. ಕಾದು ಕಾದು ಪೂಜಾರಿಗೂ ಸಾಕಾಯಿತು. "ಗೌಡ್ರೇ, ತಾಯಿ ಬಾಯಿ ಬಿಡ್ತಿಲ್ಲ. ಪ್ರಶ್ನೆ ಬ್ಯಾರೆ ಥರ ಕೇಳ್ರಿ" ಅಂದರು. ಕೇಳಿದ್ದನ್ನೇ ಕೇಳುವ ಹಾಗಿಲ್ಲವಲ್ಲ, ಅದಕ್ಕೆ.

ಅಣ್ಣ ಒಂದು ಗಳಿಗೆ ಯೋಚನೆ ಮಾಡಿದ. ಒಮ್ಮೆ ಹಿಂದೆ ತಿರುಗಿ ಅವ್ವನ ಕಡೆ ನೋಡಿದ. ಆಮೇಲೆ ಕೇಳಿದ. "ತೆಗ್ಸದೇನೇ ವಾಸಿ ಆಗ್ತದೆ ಅಂದ್ರೆ ಬಲಗಡೆ ಕೊಡು ತಾಯಿ."

ಪೂಜಾರಿ ಹೂವನ್ನು ಮತ್ತೆ ಅದ್ದಿ ಅಂಟಿಸಿದರು. ಬಲಗಡೆಯದು ಜಾರಿ ಬಿತ್ತು.

ಸೋದರತ್ತೆ ಗಲ್ಲ ಗಲ್ಲ ಬಡಿದುಕೊಂಡಳು. ಅವ್ವ ಕಣ್ಣು ಮುಚ್ಚಿ ಕೈ ಮುಗಿದಳು. ಹೆದರಿಕೆ ಹೋಯಿತು ಇವಳಿಗೆ ಅಂತ ನಾನು ಅಂದುಕೊಂಡೆ. ಅಣ್ಣನೂ ಹಾಗೇ ಅಂದುಕೊಂಡಿರಬೇಕು.

ಹಸಿರೌಷಧಿ ಶುರುವಾಯಿತು. ಕಾಡಿನಂಚಿನ ಊರಿನಲ್ಲಿ ಸೊಪ್ಪು ಅರೆದು ಕಟ್ಟುವವರೊಬ್ಬರಿದ್ದರು, ಅಣ್ಣ ಬೈಕಿನಲ್ಲಿ ಹೋಗಿ ತರುತ್ತಿದ್ದ. ನಾನು ಶಿಕಾರಿಪುರಕ್ಕೆ ವಾಪಸು ಬಂದು ದಿನಾ ಫೋನ್ ಮಾಡುತ್ತಿದ್ದೆ. ಮೊದಲ ವಾರ ಬಾವು ಇಳಿದಿದೆ ಅಂದರು. ಮುಂದಿನ ವಾರ ಜ್ವರ, ಮಳೆಯಲ್ಲಿ ನೆಂದದ್ದಕ್ಕೆ ಅಂದರು. ಆಮೇಲೆ ಪಾದ ಬಣ್ಣ ತಿರುಗಿದೆ, ಔಷಧಿ ವಿಷ ಎಳೆಯುತ್ತಿದೆ ಅಂದರು. ಒಳ್ಳೆಯದಾದರೆ ಔಷಧಿಯಿಂದ, ಕೆಟ್ಟದಾದರೂ ಔಷಧಿ ಕೆಲಸ ಮಾಡುತ್ತಿರುವುದರಿಂದ. ಇಂಥ ಮಾತಿಗೆ ಎದುರು ಏನು ಹೇಳುವುದು? ಫೋನಿನಲ್ಲಿ ಕೂಗಾಡಿ ಇಡುತ್ತಿದ್ದೆ. ಅಂಗಡಿಗೆ ಬಂದವರು ಯಾರ ಮೇಲಮ್ಮ ಸಿಟ್ಟು ಅಂತ ಕೇಳುತ್ತಿದ್ದರು. ಒಂದು ಬೆಳಿಗ್ಗೆ ಅತ್ತಿಗೆ ಅಳುತ್ತಾ ಫೋನ್ ಮಾಡಿದರು. ಅವ್ವನಿಗೆ ಯಾರ ಗುರುತೂ ಸಿಗುತ್ತಿಲ್ಲವಂತೆ.

ಅದೇ ಆಸ್ಪತ್ರೆ, ಅದೇ ಡಾಕ್ಟರು. ಯಾಕೆ ತಡ ಮಾಡಿದಿರಿ ಅಂತ ಅವರು ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊಣಕಾಲಿನ ಕೆಳಗೆ ತೆಗೆಯಬೇಕು, ತೆಗೆದರೂ ಪ್ರಾಣದ ಭರವಸೆ ಕೊಡಲಾರೆ ಅಂದರು. ಅಣ್ಣ ಸಹಿ ಹಾಕಿದ.

ಆಪರೇಷನ್ ಥಿಯೇಟರಿನ ಹೊರಗೆ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದೆವು. ಬೈಯಬೇಕು ಅಂತ ನನ್ನ ಬಾಯಿ ತುರಿಸುತ್ತಿತ್ತು. ಅಷ್ಟರಲ್ಲಿ ಅಣ್ಣನೇ ಮಾತು ತೆಗೆದ, ನನ್ನ ಕಡೆ ನೋಡದೆ.

"ಅವತ್ತು ಶಿವಮೊಗ್ಗದಲ್ಲೇ ಸೇರಿಸಿಬಿಡಾಣ ಅಂತ ನನಗೂ ಮನಸ್ಸಿತ್ತು ತಂಗಿ. ಅವ್ವನ ಮುಖ ನೋಡ್ದೆ. ಹೆದ್ರಿಕಂಡಾಳೆ ಅನ್ನಿಸ್ತು. ಗುಡೀಲೂ ಅಷ್ಟೆ, ತಿರುಗಿ ನೋಡಿದ್ನಲ್ಲ, ಅವಳು ಹೂಂ ಅಂದಿದ್ರೆ ನಾನು ಹಂಗೆ ಕೇಳ್ತಿರ್ಲಿಲ್ಲ. ಒಂದ್ಸಲ ಹೂಂ ಅಂದಿದ್ರೆ ಸಾಕಿತ್ತು. ಬಲವಂತದಿಂದ ಅವಳ ಮೈಗೆ ಕತ್ತಿ ಮುಟ್ಸಕ್ಕೆ ನನ್ನ ಕೈಲಿ ಆಗ್ಲಿಲ್ಲ."

ನೀರಿನ ಬಾಟಲಿ ಅವನ ಕಡೆ ಸರಿಸಿದೆ.

ಅವ್ವ ಉಳಿದಳು. ಕಾಲು ಉಳಿಯಲಿಲ್ಲ. ನೋಡಲು ಬಂದವರೆಲ್ಲ ಪ್ರಾಣ ಉಳಿಯಿತಲ್ಲ, ಅಮ್ಮನವರು ಕೈ ಬಿಡಲಿಲ್ಲ, ಪ್ರಸಾದ ಸುಳ್ಳಾಗಲಿಲ್ಲ ಅಂದರು. ಸೋದರತ್ತೆಯಂತೂ, "ನೋಡು, ನಾನು ಹೇಳಿರ್ಲಿಲ್ವಾ, ಕತ್ತಿ ಮುಟ್ಟಿದ್ರೆ ಮೊಣಕಾಲಿಗೇ ಬರಾದು" ಅಂದಳು. ಏನಾದರೂ ಆಗಲಿ, ಅದು ಅವರವರು ಮೊದಲೇ ನಂಬಿದ್ದಕ್ಕೆ ಸಾಕ್ಷಿಯಾಗಿ ಬಿಡುತ್ತಿತ್ತು. ಕಾಫಿ ಲೋಟಗಳನ್ನು ಕುಕ್ಕಿ ಕುಕ್ಕಿ ಇಟ್ಟೆ, ಅಷ್ಟೇ ನನ್ನಿಂದ ಆದದ್ದು.

ಡ್ರೆಸ್ಸಿಂಗಿಗೆ, ತಪಾಸಣೆಗೆ ಓಡಾಡಲು ಸುಲಭ ಅಂತ ಅವ್ವನನ್ನು ಶಿಕಾರಿಪುರಕ್ಕೆ ನಮ್ಮ ಮನೆಗೆ ಕರೆತಂದೆ. ಆ ದಿನಗಳಲ್ಲಿ ಮನುಷ್ಯರು ಹೇಗೆ ತೀರ್ಮಾನ ಮಾಡುತ್ತಾರೆ ಅಂತ ತಿಳಿಯುವ ಹುಚ್ಚು ಹಿಡಿಯಿತು ನನಗೆ. ಮನಶ್ಶಾಸ್ತ್ರದ ಪುಸ್ತಕ ತರಿಸಿದೆ, ಮೊಬೈಲಿನಲ್ಲಿ ಭಾಷಣ ಕೇಳಿದೆ. ಕಣ್ಣಿಗೆ ಕಟ್ಟುವ ಒಂದು ಕಥೆ ಹತ್ತು ಜನರ ಅನುಭವವನ್ನು ಹಿಂದೆ ತಳ್ಳಿಬಿಡುತ್ತದೆ ಅಂತ ಓದಿದಾಗ ಸೋದರತ್ತೆಯ ಕೈ ಕಣ್ಣ ಮುಂದೆ ಬಂತು. ಕೇಳುವ ರೀತಿ ಬದಲಾದರೆ ಉತ್ತರ ಬದಲಾಗುತ್ತದೆ ಅಂತ ಓದಿದಾಗ ಅಣ್ಣನ ಎರಡನೇ ಪ್ರಶ್ನೆ ನೆನಪಾಯಿತು. ಖಂಡಿತ ಹೋಗುವ ಸಣ್ಣದನ್ನು ಬಿಟ್ಟುಕೊಡಲಾರದೆ ದೊಡ್ಡದನ್ನೇ ಪಣಕ್ಕೆ ಇಡುತ್ತಾರೆ ಅಂತಲೂ ಇತ್ತು. ಬೆರಳು, ಕಾಲು. ಎಲ್ಲ ಸರಿಯಾಗಿ ಕೂತಿತು. ತಪ್ಪು ಎಲ್ಲಿ ಆಯಿತು ಅಂತ ಬೆರಳಿಟ್ಟು ತೋರಿಸಬಲ್ಲೆ ಅನ್ನಿಸಿ ಒಂದು ಥರದ ನೆಮ್ಮದಿಯೂ ಆಗಿತ್ತು.

ಒಂದು ಮಧ್ಯಾಹ್ನ ಅವ್ವನ ಕಾಲಿನ ಬಟ್ಟೆ ಬದಲಾಯಿಸುತ್ತಿದ್ದೆ. ಗಾಯ ಒಣಗಿ ಬಂದಿತ್ತು. ಅಂಗಡಿಯಲ್ಲಿ ನಮ್ಮನೆಯವರಿದ್ದರು, ಮನೆಯಲ್ಲಿ ನಾವಿಬ್ಬರೇ. ಅವ್ವ ಇದ್ದಕ್ಕಿದ್ದಂತೆ, "ಬೆರಳಲ್ಲೇ ಮುಗೀತಿತ್ತು ಇದು" ಅಂದಳು.

"ಈಗ ಅಂತೀಯ. ಅವತ್ತು ಬಡ್ಕಂಡೆ ನಾನು."

"ಅವತ್ತೂ ಅದೇ ಅನ್ನಿಸಿತ್ತು ನನಗೆ. ಆ ಡಾಕ್ಟ್ರು ಹೇಳ್ತಿದ್ದಂಗೇ ತೆಗ್ಸಿಬಿಡಾಣ ಅನ್ನಿಸ್ತು. ಸತ್ತ ಬೆರಳು ಇಟ್ಕಂಡು ಏನು ಮಾಡ್ಲಿ."

ಮತ್ತೆ ಯಾಕೆ ಬಾಯಿ ಬಿಡಲಿಲ್ಲ, ಕೇಳಿದೆನಲ್ಲ ನಾನು ನಿನ್ನನ್ನು, ಅಂದೆ. ದನಿ ನನಗೆ ಗೊತ್ತಿಲ್ಲದೇ ಏರಿತ್ತು.

"ನೋಡು, ಹಿಂಗೇ ಕೂಗಾಡ್ತಿದ್ದೆ ಅವತ್ತೂ" ಅಂದಳು ಅವ್ವ, ಬೇಜಾರಿಲ್ಲದೆ. "ಗುಡಿ ಮುಂದೆ ಅಷ್ಟು ಜನ. ನಿಮ್ಮಣ್ಣ ತಲೆ ತಗ್ಗಿಸ್ಕಂಡು ನಿಂತಿದ್ದ. ಅವನಿಗೆ ತೆಗ್ಸಕ್ಕೆ ಮನಸ್ಸಿಲ್ಲ ಅಂತ ಕಾಣ್ತಿತ್ತು. ನಾನೂ ನಿನ್ನ ಕಡಿಗೆ ಸೇರಿ ಹೂಂ ಅಂದಿದ್ರೆ ಅವನು ಒಬ್ನೇ ಆಗ್ತಿದ್ದ. ಊರವ್ರ ಮುಂದೆ ಅವನ ಮಾತು ಬೀಳ್ತಿತ್ತು. ನೀನು ಬಸ್ ಹತ್ತಿ ಶಿಕಾರಿಪುರಕ್ಕೆ ಬರಾಳು. ನಾನು ಅವನ ಜತಿಗೆ ಬಾಳಾಳು. ಒಂದು ಬೆರಳು ತಾನೆ, ಹೆಂಗೋ ಆಗ್ತದೆ ಅಂದ್ಕಂಡೆ. ಇಷ್ಟಾಗ್ತದೆ ಅಂತ ಯಾರಿಗೆ ಗೊತ್ತಿತ್ತು."

ಹೇಳಬಾರದಿತ್ತು. ನನ್ನ ಬಾಯಿ ನಿಲ್ಲಲಿಲ್ಲ. "ಅವ್ವ, ಅಣ್ಣಂಗೂ ತೆಗ್ಸಾ ಮನಸ್ಸೇ ಇತ್ತು. ನೀನು ಹೆದ್ರಿಕಂಡಿದಿಯ ಅಂತ ಬಿಟ್ಟ. ನೀನು ಹೂಂ ಅಂತಿಯೇನೋ ಅಂತ ನಿನ್ನ ಕಡಿಗೆ ತಿರುಗಿ ನೋಡಿದ್ದು ಅವನು. ಆಸ್ಪತ್ರೇಲಿ ಅವನೇ ಹೇಳ್ದ."

ಅವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕಾಲು ಇದ್ದ ಜಾಗದ ಕಡೆ ನೋಡಿದಳು. ಅವಳು ಅಳಲಿಲ್ಲ. ಇಷ್ಟೇ ಅಂದಳು. "ನಾನು ಈಗ ಹೇಳಿದ್ದು ಅವನಿಗೆ ಹೇಳ್ಬ್ಯಾಡ. ತಡ್ಕಳಾದಿಲ್ಲ ಅವನು."

ನಾನು ಪಟ್ಟಿ ಸುತ್ತಿ ಮುಗಿಸಿದೆ. ಅಣ್ಣನನ್ನು ಹೆದರುಪುಕ್ಕಲ ಅಂತ ಊರ ಮುಂದೆ ಅಂದವಳು ನಾನು. ಸೋದರತ್ತೆ, ಪೂಜಾರಿ, ಸೊಪ್ಪಿನವನು, ಎಲ್ಲರ ಮೇಲೂ ತಪ್ಪಿನ ಒಂದೊಂದು ಪಾಲು ಹಾಕಿ ಹಂಚಿ ಇಟ್ಟುಕೊಂಡಿದ್ದೆ. ಈಗ ಆ ಸಿಟ್ಟನ್ನು ಎಲ್ಲಿಡುವುದು ಅಂತ ತಿಳಿಯದೆ ಬಚ್ಚಲಿಗೆ ಹೋಗಿ ಬಟ್ಟೆ ಒಗೆಯಲು ಕೂತೆ. ಬೆರಳು ಕೊಯ್ಯುವುದು ಬೇಡ ಅಂತ ಮನಸ್ಸಿನಲ್ಲಿ ಇದ್ದವಳು ಇಡೀ ಮನೆಯಲ್ಲಿ ಸೋದರತ್ತೆ ಒಬ್ಬಳೇ. ಅವಳು ಪ್ರಸಾದ ಕೇಳಿದ ಮಾರನೇ ದಿನವೇ ಉಡುತಡಿಗೆ ಹೊರಟುಹೋಗಿದ್ದಳು.

ಆ ವಾರವೇ ಅಣ್ಣ ಬಂದ. ಅವ್ವನಿಗೆ ಅಂತ ಹೊಸ ವಾಕರ್ ತಂದಿದ್ದ, ಜೊತೆಗೆ ಮನೆಯ ಕೆಂಪಕ್ಕಿ. ಅವ್ವ ಒಳಕೋಣೆಯಲ್ಲಿ ಮಲಗಿದ್ದಳು, ನಿದ್ದೆ ಬಂದಿರಬೇಕು ಅಂತ ಎಬ್ಬಿಸಲಿಲ್ಲ. ಅಣ್ಣನಿಗೆ ನೀರು ಕೊಟ್ಟು ಎದುರಿಗೆ ಕೂತೆ. ಅವನು ತುಂಬ ಇಳಿದುಹೋಗಿದ್ದ. ಅಂಗಿಯ ಕಾಲರು ಕತ್ತಿಗೆ ದೊಡ್ಡದಾಗಿ ಕಾಣುತ್ತಿತ್ತು. ಮಳೆ, ಗದ್ದೆ, ಅತ್ತಿಗೆಯ ಸೊಂಟನೋವು, ಎಲ್ಲ ಆಯಿತು. ಲೋಟ ಕೈಯಲ್ಲೇ ಇತ್ತು, ಕುಡಿದಿರಲಿಲ್ಲ.

"ತಂಗಿ, ಒಂದು ಮಾತು ಕೇಳ್ತೀನಿ" ಅಂದ. "ನಿಜ ಹೇಳು. ಅವ್ವಂಗೆ ಅವತ್ತು ಇಷ್ಟ ಇರ್ಲಿಲ್ಲ ಅಲ್ವಾ? ನಾನು ಬಲವಂತ ಮಾಡಿ ತೆಗ್ಸಿದ್ರೆ ಅವಳ ಮನಸ್ಸು ಮುರೀತಿತ್ತು ಅಲ್ವಾ?"

ಇಪ್ಪತ್ತು ಮಾತು ಒಟ್ಟಿಗೆ ಬಾಯಿಗೆ ಬಂದವು.

"ಹೌದಣ್ಣ" ಅಂದೆ. "ಅವಳಿಗೆ ಇಷ್ಟ ಇರ್ಲಿಲ್ಲ."

ಒಳಕೋಣೆಯಿಂದ ಅವ್ವನ ದನಿ ಬಂತು. ನಿದ್ದೆಯ ದನಿಯಲ್ಲ, ಸ್ಪಷ್ಟವಾಗಿತ್ತು. "ಹೌದಪ್ಪ. ನಾನೇ ಬ್ಯಾಡ ಅಂತ ಇದ್ದೆ. ನೀನಾದ್ರೂ ಏನು ಮಾಡ್ತಿದ್ದೆ."

ಅಣ್ಣ ಒಂದೇ ಗುಟುಕಿಗೆ ನೀರು ಕುಡಿದು, ಲೋಟ ಕೆಳಗಿಟ್ಟು, ಅವ್ವನ ಹತ್ತಿರ ಎದ್ದು ಹೋದ.